ಎರಡು ಪರದೆ, ಒಂದು ಅಂಚು

ಶಿಷ್ಯ ನಿಂಗಯ್ಯನು ಗುರುಗಳನ್ನು ಕೇಳಿದನು: "ಗುರುಗಳೇ, ಮಠದ ಉಗ್ರಾಣ ನೋಡಿಕೊಳ್ಳುವ ಶಿವಪುತ್ರನು ತಮ್ಮ ಮುಂದೆ ಒಂದು ಹೇಳುತ್ತಾನೆ, ನನ್ನ ಮುಂದೆ ಇನ್ನೊಂದು ಹೇಳುತ್ತಾನೆ ಎಂದು ನನಗೆ ಅನುಮಾನ. ಅವನ ಎರಡು ಮಾತುಗಳನ್ನೂ ಒಮ್ಮೆ ತಾಳೆ ನೋಡಿದರೆ ನನ್ನ ಅನುಮಾನ ಹೋಗುವುದಲ್ಲವೆ?"

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕುಳಿತುಕೊಳ್ಳುವಂತೆ ಸನ್ನೆ ಮಾಡಿ, ಈ ಕತೆಯನ್ನು ಹೇಳಿದರು.

ನೇಕಾರರ ಊರೊಂದರಲ್ಲಿ ಒಬ್ಬ ಸೀರೆ ವ್ಯಾಪಾರಿ ಇದ್ದನು. ಅಂಗಡಿಯು ತಂದೆಯ ಕಾಲದ್ದು. ಗಂಡನನ್ನು ಕಳೆದುಕೊಂಡ ತಂಗಿಯೂ ಅಲ್ಲಿಯೇ ಕೆಲಸ ಮಾಡುತ್ತಿದ್ದಳು. ಅವಳಿಗೆ ಬೇರೆ ಆಸರೆ ಇರಲಿಲ್ಲ. ಅಣ್ಣನು ಸೀರೆ ಮಾರುವನು, ತಂಗಿಯು ಸೀರೆಯ ನಕ್ಷೆ ಬರೆಯುವಳು. ಮೊದಲು ಚೌಕಗಳಿರುವ ಕಾಗದದ ಮೇಲೆ ಬರೆಯುತ್ತಿದ್ದವಳು ಆಮೇಲೆ ಕಂಪ್ಯೂಟರಿನಲ್ಲಿ ಬರೆಯತೊಡಗಿದಳು. ಒಂದು ಚೌಕವೆಂದರೆ ಮಗ್ಗದಲ್ಲಿ ಒಂದು ಎಳೆ. ಅವಳು ತುಂಬಿದ ಚೌಕವನ್ನು ಮಗ್ಗವು ನೇಯುತ್ತದೆ, ಬಿಟ್ಟ ಚೌಕವನ್ನು ಬಿಟ್ಟುಬಿಡುತ್ತದೆ.

ಆ ಕಂಪ್ಯೂಟರಿಗೆ ಎರಡು ಪರದೆಗಳಿದ್ದವು. ಎರಡರ ಅಗಲವೂ ಒಂದೇ. ಹೊಸದು ತಂಗಿಯ ಮುಂದೆ ಇತ್ತು. ಹಳೆಯದು ಅಣ್ಣನು ಕೂರುವ ಗಾದಿಯ ಕಡೆಗೆ ತಿರುಗಿತ್ತು. ನಕ್ಷೆ ಮುಗಿದ ಮೇಲೆ ಅವಳು ಅದನ್ನು ತನ್ನ ಪರದೆಯಿಂದ ಅವನ ಪರದೆಗೆ ಸರಿಸುವಳು. ಅವನು ಒಪ್ಪಿದರೆ ಅದು ಮಗ್ಗಕ್ಕೆ ಹೋಗುವುದು.

ಆ ಊರಿನವರು ಸೀರೆಯ ಅಂಚನ್ನು ಬೆರಳಿಟ್ಟು ಅಳೆಯುತ್ತಾರೆ. ಬೆರಳಿಗೆ ಬಂದದ್ದೇ ಅಳತೆ, ಅದರ ಮೇಲೆ ಮಾತಿಲ್ಲ. ವ್ಯಾಪಾರಿಯು ಅದೇ ರೂಢಿಯಂತೆ ಪರದೆಯ ಗಾಜಿನ ಮೇಲೂ ಬೆರಳಿಡುತ್ತಿದ್ದನು.

ಒಂದು ದಿನ ಹಂಸದ ಅಂಚಿನ ನಕ್ಷೆಯೊಂದು ಅವನ ಪರದೆಯ ಮೇಲೆ ಬಂದಿತು. ಬೆರಳಿಟ್ಟನು. ಅಂಚು ನಾಲ್ಕು ಬೆರಳು ಬಂದಿತು. ಸರಿ ಎಂದನು. ತಂಗಿಯು ನಕ್ಷೆಯನ್ನು ತನ್ನ ಕಡೆಗೆ ಸರಿಸಿಕೊಂಡಳು. ನೀರು ಕುಡಿಯಲು ಎದ್ದವನು ಅವಳ ಹಿಂದೆ ನಿಂತು ನೋಡಿದನು. ಅಲ್ಲಿಯೂ ಬೆರಳಿಟ್ಟನು. ಮೂರೇ ಬೆರಳು. ಅಷ್ಟೇ ಅಲ್ಲ, ಅವಳ ಪರದೆಯ ಕೆಳತುದಿಯಲ್ಲಿ ಒಡಲಿನ ಬುಟ್ಟಾಗಳ ಇನ್ನೊಂದು ಸಾಲು ಇತ್ತು. ಅವನ ಪರದೆಯಲ್ಲಿ ಆ ಸಾಲು ಇರಲಿಲ್ಲ.

"ನನಗೆ ತೋರಿಸುವಾಗ ನಾಲ್ಕು ಬೆರಳು, ನೇಯಿಸುವಾಗ ಮೂರು," ಎಂದನು. "ಉಳಿದ ರೇಷ್ಮೆ ಯಾರ ಮನೆ ಸೇರುತ್ತದೆ, ತಂಗೀ?"

"ಇದಕ್ಕೆ ರೆಸಲ್ಯೂಷನ್ ಎನ್ನುತ್ತಾರೆ, ಅಣ್ಣಾ. ಗಾಜು ಒಂದೇ ಅಗಲವಿದ್ದರೂ ನನ್ನ ಪರದೆಯಲ್ಲಿ ಚುಕ್ಕಿಗಳು ಹೆಚ್ಚು, ಸಣ್ಣವು. ಅದಕ್ಕೆ ಚಿತ್ರ ಕಿರಿದಾಗಿ, ಹೆಚ್ಚು ಭಾಗ ಕಾಣುತ್ತದೆ. ನಿನ್ನದರಲ್ಲಿ ದೊಡ್ಡದಾಗಿ ಕಂಡು, ಕೊನೆಯ ಸಾಲು ಹೊರಗೆ ಉಳಿಯುತ್ತದೆ. ಮಗ್ಗ ನೋಡುವುದು ಚೌಕವನ್ನು, ನಿನ್ನ ಬೆರಳನ್ನಲ್ಲ. ಸೀರೆ ನೇಯ್ದು ಬಂದ ಮೇಲೆ ಅಳೆದು ನೋಡು."

"ನೇಯ್ದ ಮೇಲೆ ನೋಡುವುದಕ್ಕೆ ನಾನೇನು ಗಿರಾಕಿಯೇ? ಎಷ್ಟು ಚೆನ್ನಾಗಿ ಬಿಡಿಸಿ ಹೇಳುತ್ತೀಯೆ. ಎದುರಂಗಡಿಯವನಿಗೂ ಹೀಗೆಯೇ ಹೇಳುತ್ತೀಯೇನು?"

ತಂಗಿಯ ಮುಖ ಇಳಿಯಿತು. ಎರಡು ಪರದೆಗಳ ಅಳತೆಯನ್ನೂ ಒಂದು ಮಾಡುತ್ತೇನೆ ಎಂದಳು. ಹಳೆಯ ಪರದೆಯನ್ನು ಏರಿಸಲು ಬರುವುದಿಲ್ಲ. ಅದಕ್ಕೆ ಅಷ್ಟು ಚುಕ್ಕಿಗಳಿಲ್ಲ. ಆದುದರಿಂದ ತನ್ನ ಹೊಸ ಪರದೆಯನ್ನೇ ಹಳೆಯದರ ಮಟ್ಟಕ್ಕೆ ಇಳಿಸಿದಳು. ಅಣ್ಣನು ಎರಡರ ಮೇಲೂ ಬೆರಳಿಟ್ಟನು. ಇಲ್ಲಿಯೂ ನಾಲ್ಕು, ಅಲ್ಲಿಯೂ ನಾಲ್ಕು. ಬುಟ್ಟಾಗಳ ಆ ಸಾಲು ಎರಡರಲ್ಲಿಯೂ ಪರದೆಯ ಹೊರಗೆ ಉಳಿಯಿತು.

ಅವನು ಎರಡು ಗಾಜುಗಳ ಮೇಲೂ ಇನ್ನೊಮ್ಮೆ ಬೆರಳಿಟ್ಟು ನೋಡಿದನು. ಆಮೇಲೆ ಮೆಲ್ಲನೆ ಕೇಳಿದನು: "ಇಷ್ಟು ಬೇಗ ಹಿರಿದು ಕಿರಿದು ಮಾಡಲು ಬರುವುದಾದರೆ, ನಾನು ಊಟಕ್ಕೆ ಹೋದಾಗ ಏನೇನು ಮಾಡಲು ಬರುತ್ತದೆ?"

ಅವಳು ಉತ್ತರಿಸಲಿಲ್ಲ. ಉತ್ತರಿಸದಿದ್ದುದನ್ನೂ ಅವನು ಗುರುತಿಟ್ಟುಕೊಂಡನು. ಮರುದಿನದಿಂದ ಬುತ್ತಿಯನ್ನು ಅಂಗಡಿಗೇ ತರಿಸಿ, ಅವಳ ಬೆನ್ನ ಹಿಂದೆ ಕುಳಿತು ಉಣ್ಣತೊಡಗಿದನು. ಪರದೆಯ ಅಳತೆಯನ್ನು ಮತ್ತೆ ಮುಟ್ಟಕೂಡದು ಎಂದು ಕಟ್ಟುಮಾಡಿದನು.

ಮಟ್ಟ ಇಳಿದ ಪರದೆಯಲ್ಲಿ ಗೆರೆಗಳು ನೀರಿನೊಳಗಿನಿಂದ ಕಂಡಂತೆ ಮಸುಕಾಗಿದ್ದವು. ಚೌಕವೊಂದು ತುಂಬಿದೆಯೋ ಬಿಟ್ಟಿದೆಯೋ ತಿಳಿಯಲು ಅವಳು ಗಾಜಿಗೆ ಮೂಗು ತಾಗುವಂತೆ ಬಾಗಬೇಕಾಗುತ್ತಿತ್ತು. ಬಾಗಿದರೆ, ಏನನ್ನು ಮರೆಮಾಡುತ್ತೀಯೆ ಎಂದು ಅಣ್ಣನು ಹಿಂದಿನಿಂದ ಕೇಳುವನು. ಅವಳು ಬಾಗುವುದನ್ನು ಬಿಟ್ಟಳು.

ಅಣ್ಣನು ಹಂಸದ ಅಂಚನ್ನು ಮೊದಲಿನಿಂದ ಮತ್ತೆ ಬರೆಸಿದಾಗ, ಹಂಸದ ಕತ್ತಿನಲ್ಲಿ ಕೆಲವು ಚೌಕಗಳು ತುಂಬದೆ ಉಳಿದವು. ಅವಳಿಗೆ ಕಾಣಲಿಲ್ಲ. ಅಣ್ಣನು ಬೆರಳಿಟ್ಟನು, ಅಂಚು ಸರಿಯಾಗಿತ್ತು, ಒಪ್ಪಿದನು. ಕೊಟ್ಟದ್ದನ್ನು ಮಗ್ಗವು ನೇಯ್ದಿತು. ಸೀರೆಗಳು ಅಂಗಡಿಗೆ ಬಂದಾಗ ಅಂಚಿನ ಉದ್ದಕ್ಕೂ ಕತ್ತು ಕಡಿದ ಹಂಸಗಳ ಸಾಲು.

"ನೋಡಿದಿರಾ?" ಎಂದು ವ್ಯಾಪಾರಿಯು ಬಂದವರಿಗೆಲ್ಲ ತೋರಿಸಿದನು. "ಇವಳ ಮೇಲೆ ನನಗೆ ಮೊದಲೇ ಅನುಮಾನವಿತ್ತು."

ನಾಳೆಯಿಂದ ಬರಬೇಡ ಎಂದು ತಂಗಿಗೆ ಹೇಳಿದನು. ಅವಳು ಕನ್ನಡಕವನ್ನು ಸೆರಗಿನಿಂದ ಒರೆಸಿ ಡಬ್ಬಿಯಲ್ಲಿಟ್ಟುಕೊಂಡಳು. ತಂದೆಯ ಅಂಗಡಿಯ ಮೆಟ್ಟಿಲಿಳಿಯುವಾಗ, "ಅಣ್ಣಾ, ಹೊಸಬರು ಬಂದರೆ ಆ ಪರದೆಯನ್ನು ಮೊದಲಿನಂತೆ ಏರಿಸಿಕೊಡು. ಕಣ್ಣು ನೋಯುತ್ತದೆ," ಎಂದಷ್ಟೇ ಹೇಳಿದಳು.

ಅದನ್ನು ಏಕೆ ಹೇಳಿ ಹೋದಳು ಎಂದು ಅವನು ಇನ್ನೂ ಯೋಚಿಸುತ್ತಿದ್ದಾನೆ. ಹೊಸಬರನ್ನು ಯಾರನ್ನೂ ಇಟ್ಟುಕೊಂಡಿಲ್ಲ. ಎರಡು ಪರದೆಗಳನ್ನೂ ತನ್ನ ಕಡೆಗೆ ತಿರುಗಿಸಿಕೊಂಡಿದ್ದಾನೆ. ಎರಡರ ಅಳತೆಯೂ ಒಂದೇ ಇದೆ. ನಕ್ಷೆ ಮಾತ್ರ ಇಲ್ಲ.

ಗುರುಗಳು ಇಲ್ಲಿಗೆ ಕತೆಯನ್ನು ನಿಲ್ಲಿಸಿದರು.

ನಿಂಗಯ್ಯನು, "ಹಾಗಾದರೆ ಶಿವಪುತ್ರನ ಮಾತುಗಳನ್ನು ತಾಳೆ ನೋಡುವುದು ಬೇಡವೆ, ಗುರುಗಳೇ?" ಎಂದನು.

"ನೋಡು," ಎಂದರು ಗುರುಗಳು. "ಆದರೆ ಅವು ತಾಳೆಯಾದರೂ ಅವನನ್ನು ಕೇಳಲು ಇನ್ನೊಂದು ಪ್ರಶ್ನೆಯನ್ನು ನೀನು ಈಗಾಗಲೇ ಸಿದ್ಧ ಮಾಡಿಕೊಂಡಿಲ್ಲವೆ?"