ಹೊನ್ನಕ್ಕನ ಮನೆಯ ಬ್ಯಾಕ್ಟೀರಿಯಾ

ಉಪ್ಪಿನ ಆಗರದ ಪಕ್ಕ ಒಂದು ಊರು. ಆ ಊರಲ್ಲಿ ಬೀರಮ್ಮ ಅಂತ ಒಬ್ಬಳು. ಅವಳಿಗೆ ಬೊಮ್ಮಯ್ಯ ಅಂತ ಒಬ್ಬ ಮಗ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಗೋಳು.

ಇನ್ನೊಂದು ಗೋಳು ಪಕ್ಕದ ಮನೆಯ ಹೊನ್ನಕ್ಕ. ಗಡಿಗೆ ಬೋರಲು ಹಾಕಿದರೂ ಅವಳ ಮೊಸರು ಬೀಳುತ್ತಿರಲಿಲ್ಲ. ವರ್ಷ ವರ್ಷವೂ ಶಾಲೆಯ ಅಕ್ಕೋರು ಅವಳ ಮನೆಯ ಮೊಸರನ್ನೇ ಒಯ್ದು, ಸೂಕ್ಷ್ಮದರ್ಶಕದಲ್ಲಿ ಮಕ್ಕಳಿಗೆ ತೋರಿಸಿ, "ನೋಡಿ, ಇವು ಹೊನ್ನಕ್ಕನ ಮನೆಯ ಬ್ಯಾಕ್ಟೀರಿಯಾ" ಅನ್ನುತ್ತಿದ್ದರು. ಕಣ್ಣಿಗೆ ಕಾಣದ ಜೀವಕ್ಕೂ ಅವಳದೇ ಹೆಸರು! ಬೀರಮ್ಮನ ಹೊಟ್ಟೆ ಉರಿಯದೆ ಇರುತ್ತದೆಯೇ? ಕೇಳಿದ ನನಗೇ ಉರಿಯಿತು.

"ಈ ಶನಿವಾರ ಅಕ್ಕೋರು ಮೊಸರು ಒಯ್ಯೋಕೆ ಬರ್ತಾರೆ, ನಮ್ಮನೆ ಮೊಸರೇ ಶಾಲೆಗೆ ಹೋಗ್ಬೇಕು" ಅಂದಳು ಬೀರಮ್ಮ. "ಹೋಗು, ಅವಳ ಮನೆಯಿಂದ ಹೆಪ್ಪು ತಾ. ನಾನು ಕಳಿಸಿದ್ದು ಅಂತ ಹೇಳ್ಬೇಡ. ಬಂದು ಹಾಲು ಕುದಿಸಿ ಹೆಪ್ಪು ಹಾಕು."

ಬೊಮ್ಮಯ್ಯ ಹೋದ. "ಹೊನ್ನಕ್ಕಾ, ಹೆಪ್ಪು ಕೊಡು. ಅವ್ವ ಕಳಿಸಿದ್ದು ಅಂತ ಹೇಳ್ಬಾರ್ದಂತೆ" ಅಂದ. ಬಂದು, ಕೊತಕೊತ ಕುದಿಯುವ ಹಾಲಿಗೇ ಹೆಪ್ಪು ಸುರಿದ. ಹಾಲು ಒಡೆಯಿತು.

"ಎಂತ ಮಾಡ್ದೆ ಮಾರಾಯ! ಹೆಪ್ಪಲ್ಲಿ ಜೀವ ಇರ್ತದೆ, ಕುದಿಯೋ ಬಿಸಿಗೆ ಸಾಯ್ತದೆ. ಉಗುರುಬೆಚ್ಚಗೆ ಇಟ್ಟು ಕಂಬಳಿ ಹೊದಿಸ್ಬೇಕು. ಆಗ ಒಂದು ಎರಡಾಗ್ತದೆ, ಎರಡು ನಾಲ್ಕಾಗ್ತದೆ."

"ಆಯ್ತವ್ವ."

ಮರುದಿನ ಬೀರಮ್ಮ ನಾಲ್ಕು ಬಂಗಡೆ ಕೊಟ್ಟು, "ಜೋಪಾನ ಮಾಡಿಡು" ಅಂದು ಆಗರದ ಕೆಲಸಕ್ಕೆ ಹೋದಳು. ಬೊಮ್ಮಯ್ಯ ಮೀನನ್ನು ಒಲೆಯ ಪಕ್ಕ ಇಟ್ಟು ಕಂಬಳಿ ಹೊದಿಸಿದ. ನಾಲ್ಕು ಎಂಟಾಗುತ್ತದೆ ಅಂತ ಕಾದು ಕೂತ. ಸಂಜೆಗೆ ಕೇರಿಗೆ ಕೇರಿಯೇ ಮೂಗು ಮುಚ್ಚಿಕೊಂಡಿತು.

"ಎಂತ ಮಾಡ್ದೆ ಮಾರಾಯ! ಹೆಚ್ಚಾಗಿದ್ದು ಮೀನಲ್ಲ, ಕೊಳೆಸೋ ಬ್ಯಾಕ್ಟೀರಿಯಾ. ಕೆಡಬಾರ್ದು ಅಂದ್ರೆ ಉಪ್ಪು ಹಾಕ್ಬೇಕು."

"ಆಯ್ತವ್ವ."

ಮರುದಿನ ಮತ್ತೆ ಹಾಲು, ಮತ್ತೆ ಹೊನ್ನಕ್ಕನ ಮನೆಯಿಂದಲೇ ಹೆಪ್ಪು. "ಕೆಡದ ಹಾಗೆ ನೋಡ್ಕೋ" ಅಂದಳು. ನೋಡಿಕೊಂಡ. ಮೂರು ಬೊಗಸೆ ಉಪ್ಪು ಹಾಕಿ ನೋಡಿಕೊಂಡ.

"ಅಯ್ಯೋ, ಉಪ್ಪಲ್ಲಿ ಯಾವ ಜೀವ ಬದುಕ್ತದೋ!"

ದಾರಿಯಲ್ಲಿ ಹೋಗುತ್ತಿದ್ದ ಅಕ್ಕೋರು ನಿಂತರು. "ಬದುಕೋವೂ ಇದಾವೆ ಬೀರಮ್ಮ. ನಿಮ್ಮ ಆಗರದ ನೀರು ಕೆಂಪಗಾಗ್ತದಲ್ಲ, ಅದು ಆರ್ಕಿಯಾ ಅನ್ನೋ ಜೀವಿಗಳಿಂದ. ನೋಡೋಕೆ ಬ್ಯಾಕ್ಟೀರಿಯಾದ ಹಾಗೇ, ಆದ್ರೆ ಕುಲವೇ ಬೇರೆ. ಕೆಲವು ಕುದಿಯೋ ಬುಗ್ಗೆಯಲ್ಲೂ ಇರ್ತಾವೆ. ನೋಡು ಬೊಮ್ಮಯ್ಯ, ಒಂದೊಂದಕ್ಕೂ ಒಂದೊಂದು ಮನೆ. ಯಾವುದರ ಮನೆ ಯಾವುದೋ ಅಲ್ಲೇ ಅದನ್ನ ಬಿಡ್ಬೇಕು."

"ಆಯ್ತು ಅಕ್ಕೋರೆ."

ಶುಕ್ರವಾರ ಬೀರಮ್ಮ ಮಗನಿಂದ ಹೆಪ್ಪು ತರಿಸಿ, ಅವನನ್ನು ಹೊರಗೆ ದಬ್ಬಿ, ತಾನೇ ಹಾಕಿದಳು. ಶನಿವಾರ ಬೆಳಿಗ್ಗೆ ಗಡಿಗೆ ಬೋರಲು ಹಾಕಿ ನೋಡಿದಳು. ಮೊಸರು ಬೀಳಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು. ಅಕ್ಕೋರು ಬರುವಷ್ಟರಲ್ಲಿ ಒಳ್ಳೆಯ ಸೀರೆ ಉಡೋಣ ಅಂತ ಒಳಗೆ ಹೋದಳು. ಉಟ್ಟು ಹೊರಗೆ ಬಂದರೆ ಗಡಿಗೆ ಇಲ್ಲ.

ಬೇಲಿಯಾಚೆ ಅಕ್ಕೋರ ದನಿ ಕೇಳಿಸಿತು. "ಹೊನ್ನಕ್ಕ, ನಿಮ್ಮ ಮೊಸರು ಈ ವರ್ಷ ಎಲ್ಲಾ ವರ್ಷಕ್ಕಿಂತ ಚೆನ್ನಾಗಿದೆ."

ಆ ಕಡೆಯಿಂದಲೇ ಬೊಮ್ಮಯ್ಯ ಬಂದ, ಒಂದು ಮುಷ್ಟಿ ಬಿಗಿಹಿಡಿದುಕೊಂಡು.

"ಗಡಿಗೆ ಎಲ್ಲೋ?"

"ಅವುಗಳ ಮನೆಗೆ ಬಿಟ್ಟು ಬಂದೆ ಅವ್ವ. ಹೆಪ್ಪು ಅಲ್ಲಿಂದ್ಲೇ ತಂದಿದ್ದಲ್ಲ."

ಬೀರಮ್ಮ ಹೊಸ್ತಿಲ ಮೇಲೆ ಕೂತಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಅಳ್ಬೇಡವ್ವ. ಹೊನ್ನಕ್ಕ ಒಳ್ಳೆಯವ್ಳು, ನಿಂಗೆ ಅಂತ ಒಂದು ಚಮಚ ಹೆಪ್ಪು ಕೊಟ್ಟಿದ್ದಾಳೆ. ಬೆಚ್ಚಗಿರ್ಲಿ ಅಂತ ಮುಷ್ಟಿಯಲ್ಲೇ ತಂದೆ" ಅಂದು ಕೈ ಬಿಚ್ಚಿದ. ಅದು ಬೀರಮ್ಮನ ಒಳ್ಳೆಯ ಸೀರೆಯ ಮೇಲೆ ಬಿತ್ತು.