ತೆರೆಗೆ ಬಿಳಿ ನೊರೆ ಬಂದದ್ದು

ಭೂಮಿ ಹೊಸದಾಗಿದ್ದ ಕಾಲ. ಆಗ ಕಡಲು ದಡದಿಂದ ದಡಕ್ಕೆ ಬರೀ ನೀಲಿ. ಗಾಳಿಯಕ್ಕ ಮೆಲ್ಲಗೆ ಬೀಸುವಳು, ಕಡಲು ಮೆಲ್ಲಗೆ ತೂಗುವುದು. ಅಷ್ಟರಿಂದಲೇ ನೀರಿನೊಳಗೆ ಉಸಿರು ಇಳಿಯುತ್ತಿತ್ತು.

ಕಡಲ ತಳದಲ್ಲಿ ನೀಲವ್ವ ಎಂಬ ಏಡಿ ಇದ್ದಳು. ಪಕ್ಕದ ಬಂಡೆಯಲ್ಲಿ ಗೆರೆಬೆನ್ನಣ್ಣ ಎಂಬ ಚಿಪ್ಪಿನ ಹುಳು. ಅವನ ಬೆನ್ನ ತುಂಬ ಗೆರೆ, ಹೊಟ್ಟೆಯಡಿ ಸಾಲುಸಾಲು ಕಾಲು. ಇಬ್ಬರೂ ದಿನವೂ ಹರಟುತ್ತ ಪಾಚಿ ತಿನ್ನುತ್ತಿದ್ದರು.

ಹೀಗಿರುವಾಗ ಬೆಂಕಿಬೆಟ್ಟಗಳು ಬಾಯಿ ತೆರೆದವು. ಹೊಗೆ ಮುಗಿಲು ಮುಚ್ಚಿತು. ಲೋಕವೆಲ್ಲ ಕಾದುಹೋಯಿತು. ಮೈ ಸುಟ್ಟುಕೊಂಡ ಗಾಳಿಯಕ್ಕ ದೂರದ ತಣ್ಣನೆಯ ಕಣಿವೆಗೆ ಓಡಿ ಮಲಗಿಬಿಟ್ಟಳು.

ಕಡಲು ತೂಗುವುದು ನಿಂತಿತು. ಮೇಲಿನ ಬಿಸಿನೀರು ಮುಚ್ಚಳದ ಹಾಗೆ ಕೂತಿತು. ಕೆಳಗೆ ಉಸಿರಿಲ್ಲ. ಮೀನುಗಳು ಬಾಯಿ ಬಾಯಿ ಬಿಟ್ಟವು. ಹವಳದ ಬಣ್ಣ ಹೋಯಿತು.

"ನೀಲವ್ವಾ, ಎದೆ ಕಟ್ಟಿದ ಹಾಗಾಗ್ತಿದೆ," ಅಂದ ಗೆರೆಬೆನ್ನಣ್ಣ.

"ತಡಿ ಅಣ್ಣಾ, ಗಾಳಿಯಕ್ಕನ್ನ ಕರ್ಕೊಂಡು ಬರ್ತೀನಿ."

ಮೈಯೊಳಗೆ ಒಂದಿಷ್ಟು ನೀರು ಹಿಡಿದು ನೆಲದ ಮೇಲೆ ನಡೆಯಬಲ್ಲವಳು ಅವಳೊಬ್ಬಳೇ. ನೀಲವ್ವ ದಡ ಹತ್ತಿದಳು. ಕಾದ ಕಲ್ಲಿನ ಮೇಲೆ ನಡೆದಳು. ಕಾಲು ಸುಟ್ಟಿತು, ನಡೆದಳು. ಒಂದು ಕೊಂಡಿ ಮುರಿದು ಬಿತ್ತು, ಆದರೂ ನಡೆದಳು.

ಕಣಿವೆಯಲ್ಲಿ ಗಾಳಿಯಕ್ಕ ಕಣ್ಣು ಬಿಟ್ಟಳು. "ಯಾರಮ್ಮ ನೀನು?"

"ಕಡಲಿನವಳು. ಏಳಕ್ಕಾ, ಅಲ್ಲಿ ನೀರಿಗೆ ಉಸಿರಿಲ್ಲ."

"ಆ ಹೊಗೆಗೆ ನಂಗೆ ಹೆದರಿಕೆ ಕಣೇ. ಮೈಯೆಲ್ಲ ಬೊಬ್ಬೆ ನೋಡು."

"ನಂಗೂ ಹೆದರಿಕೆ ಆಗಿತ್ತು," ಅಂದಳು ನೀಲವ್ವ.

ಗಾಳಿಯಕ್ಕ ಅವಳ ಸುಟ್ಟ ಕಾಲುಗಳನ್ನು ನೋಡಿದಳು. ಮತ್ತೇನೂ ಕೇಳದೆ ಅವಳನ್ನು ಎತ್ತಿಕೊಂಡು ಹೊರಟಳು. ಹೊಗೆಯನ್ನು ಸೀಳಿ ಬಂದು ಕಡಲಿನ ಮೇಲೆ ಬೀಸಿದಳು. ಬಿಸಿನೀರಿನ ಮುಚ್ಚಳ ಒಡೆಯಿತು. ಉಸಿರು ಇಳಿಯಿತು, ಇನ್ನೂ ಕೆಳಗೆ ಇಳಿಯಿತು.

ನೀಲವ್ವ ತಳಕ್ಕೆ ಹೋಗಿ ಕೂಗಿದಳು. ಎಲ್ಲೋ ಒಂದು ಶಂಖದ ಹುಳು ಓಗೊಟ್ಟಿತು. ಬಿರುಕಿನಿಂದ ನಾಲ್ಕಾರು ಮೀನುಮರಿ ಇಣುಕಿದವು. ಬದುಕಿದವರು ಅಷ್ಟೇ. ಗೆರೆಬೆನ್ನಣ್ಣ ಓಗೊಡಲಿಲ್ಲ. ಅವಳು ಅವನ ಚಿಪ್ಪಿನ ಮೇಲಿನ ಕೆಸರನ್ನು ಮೆಲ್ಲಗೆ ಒರೆಸಿ, ಪಕ್ಕದಲ್ಲೇ ಬಹಳ ಹೊತ್ತು ಕೂತಳು.

ಮೇಲಿನಿಂದ ಗಾಳಿಯಕ್ಕ ಕೇಳಿದಳು, "ಎಲ್ಲರೂ ಇದ್ದಾರೇನೇ?"

"ಇಲ್ಲಕ್ಕಾ."

ಗಾಳಿಯಕ್ಕ ನೀರಿನ ಮೇಲೆ ಬಾಗಿ ತಳವನ್ನು ನೋಡಿದಳು. ಆಮೇಲೆ ಅಂದಳು, "ಇನ್ನು ಮೆಲ್ಲಗೆ ಬೀಸಿದರೆ ಸಾಲದು. ಕೈತುಂಬ ಉಸಿರು ತಂದು ನೀರಿಗೆ ಕಲೆಸಿ ಕೊಡ್ತೀನಿ." ಅಂದವಳೇ ನೀರನ್ನು ಎತ್ತೆತ್ತಿ ಬಡಿದಳು. ನೀಲಿ ನೀರು ಮೊದಲ ಸಲ ಬೆಳ್ಳಗೆ ಒಡೆಯಿತು.

ಅದಕ್ಕೇ ಮಗೂ, ಇವತ್ತಿಗೂ ತೆರೆ ಒಡೆದಾಗ ಬಿಳಿ ನೊರೆ ಏಳುತ್ತದೆ. ನಿನ್ನ ಪಾದದ ಮೇಲೆ ಚಿಟಿಚಿಟಿ ಅನ್ನುವ ಒಂದೊಂದು ಗುಳ್ಳೆಯಲ್ಲೂ ಇರುವುದು ಗಾಳಿಯಕ್ಕ ತಳದವರಿಗೆಂದು ಕಳಿಸಿದ ಉಸಿರು.