ನಡುವಿನದನ್ನು ಹಿಡಿದ ಪುಟ್ಟಮಾದ

ಒಂದೂರಿತ್ತು, ಊರಿಗೊಂದು ಆಸ್ಪತ್ರೆ, ಆಸ್ಪತ್ರೆಯ ಮೂಲೆಗೊಂದು ಲ್ಯಾಬು. ಅಲ್ಲಿ ಕಸ ಗುಡಿಸಿ ಡಬ್ಬಿ ತೊಳೆಯುತ್ತಿದ್ದವಳು ಚಿಕ್ಕತಾಯಮ್ಮ. ಮೂವತ್ತು ವರ್ಷ ಗುಡಿಸಿ ಗುಡಿಸಿ ಮಂಡಿ ಸವೆದಿತ್ತು. ಅವಳಿಗೊಬ್ಬನೇ ಮಗ, ಪುಟ್ಟಮಾದ. ಹೆಸರಿಗೆ ಪುಟ್ಟ, ವಯಸ್ಸು ಮೂವತ್ತೆಂಟು. ಹೇಳಿದ ಮಾತು ಮೀರುವವನಲ್ಲ. ಅದೇ ಅವನ ರೋಗ.

"ಮೇಡಮ್ಮೋರೆ, ನನ್ ಜಾಗಕ್ಕೆ ಇವನ್ನ ಹಾಕೊಳಿ. ನಾನು ಸತ್ರೆ ಇವನಿಗೆ ಅನ್ನ ಹಾಕೋರ್ಯಾರು?" ಎಂದು ಲ್ಯಾಬಿನ ಪ್ರೇಮಕುಮಾರಿ ಮೇಡಮ್ಮಿಗೆ ಕೈಮುಗಿದಳು.

"ಒಂದು ತಿಂಗಳು ನೋಡ್ತೀನಿ. ನೆಟ್ಟಗೆ ಮಾಡಿದ್ರೆ ಆರ್ಡರ್ ತರಿಸ್ತೀನಿ."

"ಅವರು ಹೇಳಿದ್ದನ್ನ ಹೇಳ್ದಂಗೆ ಮಾಡು ಮಗಾ!"

"ಆಯ್ತು ಕಣವ್ವ!"

ಮೊದಲ ದಿನ ಹನ್ನೆರಡು ಜನರ ಉಚ್ಚೆ ಡಬ್ಬಿ ಬಂತು. "ಕಾಣೋ ಕಡೆ ಸಾಲಾಗಿಡಪ್ಪ" ಎಂದು ಮೇಡಮ್ಮು ವಾರ್ಡಿಗೆ ಹೋದರು. ಕಾಣೋ ಕಡೆ ಯಾವುದು? ಕಿಟಕಿ! ಬಿಸಿಲು ಸುರಿಯೋ ಕಿಟಕಿ! ಮಧ್ಯಾಹ್ನ ಬಂದು ನೋಡಿದರೆ ಹನ್ನೆರಡೂ ಮಜ್ಜಿಗೆಯ ಹಾಗೆ ಕದಡಿ ಗಬ್ಬು ನಾರುತ್ತಿವೆ.

"ಹಾಳಾದೋನೆ! ಕೆಟ್ಟ ಉಚ್ಚೇಲಿ ಇಲ್ಲದ ರೋಗವೆಲ್ಲ ಕಾಣ್ತದೆ! ಬಂದದ್ದನ್ನ ಬಂದ ಗಳಿಗೇಲೇ ಮುಚ್ಚಳ ಬಿಗಿದು ಫ್ರಿಜ್ಜಿಗಿಡಬೇಕು!"

"ಆಯ್ತು ಮೇಡಮ್ಮೋರೆ!"

ಮಾರನೇ ದಿನ ಹೋಟೆಲಿನಿಂದ ಮೇಡಮ್ಮಿಗೆ ಬಿಸಿ ಕಾಫಿ ಬಂತು. ಬಂದದ್ದನ್ನ ಬಂದ ಗಳಿಗೇಲೇ! ಖಾಲಿ ಡಬ್ಬಿಗೆ ಸುರಿದ, ಮುಚ್ಚಳ ಬಿಗಿದ, ಫ್ರಿಜ್ಜಿಗಿಟ್ಟ. ಮೇಡಮ್ಮು ಡಬ್ಬಿಗಳನ್ನು ಹೊರಗೆ ತೆಗೆದರು, ಚಳಿ ಬಿಡಲೆಂದು ಕಾದರು, ಪರೀಕ್ಷೆಯ ಪಟ್ಟಿ ಅದ್ದಿ ನೋಡಿದರು.

"ಅಯ್ಯೋ, ಏನು ಬಣ್ಣ! ಏನು ಸಕ್ಕರೆ! ಯಾರಪ್ಪ ಈ ಪುಣ್ಯಾತ್ಮ? ಮೊದಲು ಹಿಡಿದು ಮಲಗಿಸ್ರೋ!"

"ಪುಣ್ಯಾತ್ಮ ಅಲ್ಲ ಮೇಡಮ್ಮೋರೆ, ನಿಮ್ಮ ಕಾಫಿ!"

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಚೀಟಿ ಅಂಟಿಸ್ಬೇಕು ಕಣೋ! ಹೆಸರು, ವಯಸ್ಸು, ಬಂದ ಹೊತ್ತು! ಚೀಟಿ ಇಲ್ಲದ್ದು ಒಂದೂ ಈ ಬಾಗಿಲು ದಾಟಕೂಡದು!"

"ಆಯ್ತು ಮೇಡಮ್ಮೋರೆ!"

ಮೂರನೇ ದಿನ ಗೋಂದು ಹಿಡಿದು ಬಾಗಿಲಲ್ಲೇ ನಿಂತ. ಮೊದಲು ಬಂದವರು ರಿಟೈರಾದ ಹೆಡ್ಮೇಷ್ಟ್ರು. ಹೆಸರು ಕೇಳಿದ, ವಯಸ್ಸು ಕೇಳಿದ, ಗಡಿಯಾರ ನೋಡಿದ, ಹಣೆಗೆ ಚಟ್ಟನೆ ಅಂಟಿಸಿದ. ಹೆಡ್ಮೇಷ್ಟ್ರ ಹಿಂದೆ ಬಸುರಿ, ಬಸುರಿಯ ಹಿಂದೆ ಅವಳತ್ತೆ. ಒಬ್ಬರನ್ನೂ ಬಿಡಲಿಲ್ಲ. ಮೇಡಮ್ಮು ತಲೆಯೆತ್ತಿದರೆ ಬೆಂಚಿನ ತುಂಬ ಹಣೆಬರಹ!

"ಜನಕ್ಕೆ ಅಂಟಿಸ್ತಾರೇನೋ ಮಂಕೇ! ಚೀಟಿ ಡಬ್ಬಿಗೆ! ಜನಕ್ಕೆ ಬಾಯಲ್ಲಿ ಹೇಳು. ಮೊದಲು ಬಂದದ್ದು ಚೆಲ್ಲಿ, ನಡುವಿನದು ಹಿಡೀರಿ, ಕೊನೇದು ಬಿಟ್ಟುಬಿಡಿ. ಹಂಗೆ ಹಿಡಿದ್ರೇ ಉಚ್ಚೆ ನಿಜ ಹೇಳೋದು."

"ಯಾವಾಗ್ಲೂ ಹಿಂಗೇನಾ ಮೇಡಮ್ಮೋರೆ?"

"ಯಾವಾಗ್ಲೂ ಹಿಂಗೇ!"

ಅವತ್ತಿನಿಂದ ಪುಟ್ಟಮಾದನ ಬಾಯಲ್ಲಿ ಅದೇ ಜಪ. ಮೊದಲಿನದು ಚೆಲ್ಲಿ, ನಡುವಿನದು ಹಿಡೀರಿ, ಕೊನೇದು ಬಿಟ್ಟುಬಿಡಿ. ಜನ ಹಾಗೇ ಮಾಡಿದರು. ಡಬ್ಬಿಗೆ ಚೀಟಿ ಬಿತ್ತು, ಫ್ರಿಜ್ಜು ತುಂಬಿತು, ಒಂದು ಉಚ್ಚೆಯೂ ಕೆಡಲಿಲ್ಲ. ಮೇಡಮ್ಮೇ ಮೆಚ್ಚಿ ಮೇಲಕ್ಕೆ ಬರೆದರು.

ತಿಂಗಳು ತುಂಬಿದ ದಿನ ಬೆಳಿಗ್ಗೆ ಲಕೋಟೆಯಲ್ಲಿ ಮೂರು ಹಾಳೆಯ ಆರ್ಡರ್ ಬಂತು, ಮೇಡಮ್ಮು ಅದನ್ನು ಪುಟ್ಟಮಾದನ ಕೈಗಿಟ್ಟರು. ಸಂಜೆಯೊಳಗೆ ಆಫೀಸಿನಲ್ಲಿ ತೋರಿಸಿದರೆ ಕೆಲಸ ಮಗನದು, ಇಲ್ಲವಾದರೆ ಇಲ್ಲ. ಚಿಕ್ಕತಾಯಮ್ಮ ಪೊರಕೆಯನ್ನು ಮೂಲೆಗಿಟ್ಟು ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಳು. ಮೂವತ್ತು ವರ್ಷದಲ್ಲಿ ಅಷ್ಟು ಹಗುರವಾಗಿ ಅವಳು ಕೂತದ್ದೇ ಇಲ್ಲ.

"ಆರ್ಡರ್ ಎಲ್ಲಿ ಮಗಾ?"

"ಭದ್ರವಾಗಿಟ್ಟಿದೀನವ್ವ!"

ಫ್ರಿಜ್ಜು ತೆಗೆದ. ಡಬ್ಬಿ ತಂದ. ಮುಚ್ಚಳ ಬಿಗಿಯಾಗಿತ್ತು. ಚೀಟಿಯೂ ಇತ್ತು: ಪುಟ್ಟಮಾದ, ಮೂವತ್ತೆಂಟು, ಬೆಳಿಗ್ಗೆ ಒಂಬತ್ತು. ಒಳಗೆ ಸುರುಳಿ ಸುತ್ತಿದ ಒಂದೇ ಹಾಳೆ.

"ಇನ್ನೆರಡೆಲ್ಲೋ?" ಮೇಡಮ್ಮು ಕಿರುಚಿದರು.

"ಮೊದಲಿನದು ತೊಟ್ಟಿಗೆ ಚೆಲ್ಲಿ ನಲ್ಲಿ ಬಿಟ್ಟೆ. ಕೊನೇದು ಕಿಟಕೀಲಿ ಗಾಳಿಗೆ ಬಿಟ್ಟುಬಿಟ್ಟೆ. ನಡುವಿನದು ಹಿಡಿದಿದೀನಿ ನೋಡಿ!"

ಮೊದಲಿನದರಲ್ಲಿ ಅವನ ಹೆಸರಿತ್ತು, ಕೊನೆಯದರಲ್ಲಿ ಮೊಹರಿತ್ತು. ನಡುವಿನದರಲ್ಲಿ ಇದ್ದದ್ದು ಒಂದೇ ಸಾಲು. ಮೇಡಮ್ಮು ಓದಿದರು: "ನೌಕರನು ಹೇಳಿದ್ದನ್ನು ಹೇಳಿದಂತೆಯೇ ಮಾಡತಕ್ಕದ್ದು."

"ಕೇಳ್ಸ್ಕೊಂಡ್ಯಾ ಅವ್ವ! ಸರ್ಕಾರವೂ ಅದನ್ನೇ ಅಂದದೆ!" ಎಂದು ಪುಟ್ಟಮಾದ ಹಿಗ್ಗಿದ.

ಚಿಕ್ಕತಾಯಮ್ಮ ಮಂಡಿ ಹಿಡಿದುಕೊಂಡು ಎದ್ದಳು. ಮೂಲೆಗಿಟ್ಟ ಪೊರಕೆಯನ್ನು ಮತ್ತೆ ಕೈಗೆತ್ತಿಕೊಂಡಳು. ಮಗನಿಗೆ ಬಾರಿಸೋಕೋ, ಲ್ಯಾಬು ಗುಡಿಸೋಕೋ, ಅದನ್ನು ನೀವೇ ಹೇಳಿ.